ಮಹಡಿಗೆ ವೈಫೈ ತಲುಪುತ್ತಿಲ್ಲ. ಯಾವ ರೌಟರ್ ಕೊಳ್ಳಬೇಕು?

ಪ್ರಶ್ನೆ: ನಮ್ಮ ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿದೆ. ಕೆಳಗಿನ ಭಾಗ ಜಂಬಿಟ್ಟಿಗೆ ಕಲ್ಲಿನ ಹಳೆಯ ಕಟ್ಟಡ. ಈಚೆಗೆ ಆರ್‌ಸಿಸಿ ಹಾಕಿಸಿ ಮಹಡಿ ಕಟ್ಟಿಸಿದ್ದೇವೆ. 150 ಎಂಬಿಪಿಎಸ್‌ನ ಫೈಬರ್ ಸಂಪರ್ಕವಿದೆ, ಅವರು ಕೊಟ್ಟ ವೈಫೈ ಪೆಟ್ಟಿಗೆ ಜಗಲಿಯಲ್ಲಿ ಟಿವಿಯ ಹಿಂದೆ ಇದೆ. ಮಹಡಿಯ ಕೋಣೆಯಿಂದ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಮಗಳಿಗೆ ಮೀಟಿಂಗ್ ಮಧ್ಯೆ ಸಂಪರ್ಕ ತುಂಡಾಗುತ್ತದೆ. ಅಂಗಡಿಯವರು ಎಂಟು ಆಂಟೆನಾ ಇರುವ ವೈಫೈ 7 ರೌಟರ್ ತೆಗೆದುಕೊಳ್ಳಿ ಎನ್ನುತ್ತಾರೆ, ಲೈನ್ ನೋಡಲು ಬಂದ ಹುಡುಗ ರಿಪೀಟರ್ ಸಾಕು ಎಂದ, ಅಮೆರಿಕದಲ್ಲಿರುವ ಅಣ್ಣನ ಮಗ ಅಲ್ಲಿಂದಲೇ ಒಂದು ತರುತ್ತೇನೆ ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಸಲಹೆಯನ್ನೂ ಸ್ವಲ್ಪ ದಿನ ಬದಿಗಿಡಿ. ನೀವು ಕೊಟ್ಟ ವಿವರ ನೋಡಿದರೆ ನಿಮ್ಮ ಮನೆಗೆ ಬೇಕಾಗಿರುವುದು ದೊಡ್ಡ ರೌಟರ್ ಅಲ್ಲ. ಜಗಲಿಯಿಂದ ಮಹಡಿಯವರೆಗೆ ಒಂದು ಒಳ್ಳೆಯ ಲ್ಯಾನ್ ಕೇಬಲ್, ಅದರ ಮೇಲಿನ ತುದಿಗೆ ಸಾಧಾರಣ ಬೆಲೆಯ ಒಂದು ವೈಫೈ 6 (ವೈಫೈ 7ಕ್ಕಿಂತ ಹಿಂದಿನ ತಲೆಮಾರು) ರೌಟರ್, ಇಷ್ಟೇ ಬೇಕು. ಅಂಗಡಿಯವರು ಹೇಳಿದ ಪೆಟ್ಟಿಗೆಗೆ ಕೊಡುವ ಹಣದ ಅರ್ಧದಷ್ಟರಲ್ಲಿ ಈ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಕಾರಣ ತಿಳಿದಿದ್ದರೆ ಅಂಗಡಿಯಲ್ಲಿ ನಿಂತಾಗ ನೀವೇ ತೀರ್ಮಾನಿಸಬಹುದು.

ಏನನ್ನಾದರೂ ಕೊಳ್ಳುವ ಮೊದಲು ತೊಂದರೆ ಎಲ್ಲಿದೆ ಎಂಬುದನ್ನು ಅಳೆದು ನೋಡಬೇಕು. ಮಗಳ ಲ್ಯಾಪ್‌ಟಾಪನ್ನು ಜಗಲಿಗೆ ತಂದು, ಈಗಿರುವ ಪೆಟ್ಟಿಗೆಗೆ ಲ್ಯಾನ್ ವೈರಿನಿಂದ ನೇರವಾಗಿ ಜೋಡಿಸಿ ವೇಗದ ಪರೀಕ್ಷೆ ಮಾಡಿ. ಅಲ್ಲಿ 140ರಿಂದ 150ರಷ್ಟು ಬಂದರೆ ಲೈನ್ ಸರಿಯಾಗಿದೆ, ತೊಂದರೆ ಮನೆಯ ಒಳಗಿದೆ ಎಂದರ್ಥ. ಅಲ್ಲಿಯೇ 20 ಬಂದರೆ ಜಗತ್ತಿನ ಯಾವ ರೌಟರನ್ನು ತಂದರೂ ಪ್ರಯೋಜನವಿಲ್ಲ. ಮೊದಲು ಸಂಪರ್ಕ ಕೊಟ್ಟವರಿಗೆ ದೂರು ಕೊಡಬೇಕು. ಸರಿಯಾಗಿ 94 ಅಥವಾ 95ಕ್ಕೆ ಬಂದು ನಿಂತರೆ ಅದಕ್ಕೆ ಬೇರೆಯೇ ಕಾರಣವಿದೆ. ಪೆಟ್ಟಿಗೆಯ ಆ ಪೋರ್ಟ್ (ವೈರ್ ಸಿಕ್ಕಿಸುವ ಕಿಂಡಿ) 100 ಎಂಬಿಪಿಎಸ್‌ನ ಹಳೆಯ ಮಾದರಿಯದು, ಇಲ್ಲವೇ ವೈರಿನೊಳಗಿನ ನಾಲ್ಕು ಜೋಡಿಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದು ಉಳಿದವು 100ರವು ಆಗಿರುತ್ತವೆ. ಆದ್ದರಿಂದ ಪೋರ್ಟ್ ಬದಲಿಸಿ ಇನ್ನೊಮ್ಮೆ ನೋಡಿ.

ಅನಂತರ ಫೋನಿಗೆ ವೈಫೈ ಅನಲೈಸರ್ ಮಾದರಿಯ ಉಚಿತ ಆ್ಯಪ್ ಒಂದನ್ನು ಹಾಕಿಕೊಂಡು ಮನೆಯಿಡೀ ಓಡಾಡಿ. ಅದು ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. ಸಂಖ್ಯೆಯ ಹಿಂದೆ ಮೈನಸ್ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಪೆಟ್ಟಿಗೆಯ ಎದುರು ಮೈನಸ್ 40ರಿಂದ 50 ಇರುತ್ತದೆ; ಮೈನಸ್ 67ರವರೆಗೆ ವಿಡಿಯೊ ಮೀಟಿಂಗ್ ನೆಮ್ಮದಿಯಾಗಿ ನಡೆಯುತ್ತದೆ; ಮೈನಸ್ 75 ದಾಟಿದ ಮೇಲೆ ತೊಡಕು ಶುರುವಾಗುತ್ತದೆ. ಈ ಅಳತೆಯಲ್ಲಿ ಪ್ರತಿ 10ರ ಇಳಿಕೆ ಎಂದರೆ ಶಕ್ತಿ ಹತ್ತನೆಯ ಒಂದು ಭಾಗಕ್ಕೆ ಇಳಿದಂತೆ. ಮೈನಸ್ 50ರಿಂದ ಮೈನಸ್ 80ಕ್ಕೆ ಬಂದಿದ್ದರೆ ಮಹಡಿಗೆ ತಲುಪುತ್ತಿರುವುದು ಜಗಲಿಯಲ್ಲಿರುವ ಶಕ್ತಿಯ ಸಾವಿರದ ಒಂದು ಪಾಲು. ಈ ಸಂಖ್ಯೆಗಳನ್ನು ಕೋಣೆವಾರು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ನಿಮ್ಮ ಮನೆಯ ಗೋಡೆಗಳು ಈ ವಿಷಯದಲ್ಲಿ ಬಹಳ ಕಠಿಣವಾದವು. ದಪ್ಪನೆಯ ಜಂಬಿಟ್ಟಿಗೆ ಗೋಡೆ ರೇಡಿಯೊ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಗೋಡೆ ಇನ್ನೂ ಹೆಚ್ಚು ಹೀರುತ್ತದೆ. ಆರ್‌ಸಿಸಿ ತಾರಸಿಯೊಳಗೆ ಕಬ್ಬಿಣದ ಸರಳುಗಳ ಜಾಲವೇ ಇರುತ್ತದೆ. ಇವುಗಳ ಜೊತೆಗೆ ಪೆಟ್ಟಿಗೆಯನ್ನು ಟಿವಿಯ ಹಿಂದೆ ಇಟ್ಟಿದ್ದೀರಿ. ಟಿವಿಯ ಹಿಂಬದಿಯ ಲೋಹದ ತಗಡು, ಉಕ್ಕಿನ ಬೀರು, ದೊಡ್ಡ ನಿಲುವುಗನ್ನಡಿ ಇವೆಲ್ಲ ಅಲೆಗಳನ್ನು ತಡೆಯುವ ಇಲ್ಲವೇ ಹಿಂದಕ್ಕೆ ಹೊಡೆಯುವ ವಸ್ತುಗಳು. ವೈಫೈ ಪೆಟ್ಟಿಗೆಯನ್ನು ಅಲ್ಲಿಂದ ತೆಗೆದು, ಆಳೆತ್ತರದಲ್ಲಿ, ಮಹಡಿ ಮೆಟ್ಟಿಲು ಕಾಣುವಂಥ ಗೋಡೆಗೆ ಏರಿಸಿದರೆ ಒಂದು ರೂಪಾಯಿ ಖರ್ಚಿಲ್ಲದೆ ಗಮನಾರ್ಹ ವ್ಯತ್ಯಾಸ ಕಾಣಬಹುದು. ಫೈಬರ್ ತಂತಿಯನ್ನು ಮಾತ್ರ ನೀವೇ ಎಳೆದಾಡಬೇಡಿ. ಚೂಪಾಗಿ ಮಡಚಿದರೆ ಒಳಗಿನ ಗಾಜಿನ ಎಳೆಯಿಂದ ಬೆಳಕು ಸೋರಿಹೋಗುತ್ತದೆ, ಇಲ್ಲವೇ ಎಳೆಯೇ ಮುರಿಯುತ್ತದೆ. ಆ ಕೆಲಸವನ್ನು ಲೈನಿನವರಿಂದಲೇ ಮಾಡಿಸಿ.

ಈಗ ಎಂಟು ಆಂಟೆನಾಗಳ ವಿಷಯ. ವೈಫೈ ಎರಡೂ ಕಡೆಯಿಂದ ನಡೆಯುವ ಮಾತುಕತೆ. ರೌಟರ್ ಎಷ್ಟೇ ಗಟ್ಟಿಯಾಗಿ ಕೂಗಿದರೂ, ಮಗಳ ಲ್ಯಾಪ್‌ಟಾಪ್ ತನ್ನ ಪುಟ್ಟ ಆಂಟೆನಾದಿಂದ ಕೊಡುವ ಉತ್ತರ ಆ ತಾರಸಿಯನ್ನು ದಾಟಿ ಕೆಳಗೆ ಕೇಳಿಸದಿದ್ದರೆ ಸಂಪರ್ಕ ಉಳಿಯುವುದಿಲ್ಲ. ರೌಟರ್‌ಗಳು ಹೊರಸೂಸಬಹುದಾದ ಶಕ್ತಿಗೆ ನಮ್ಮ ದೇಶದಲ್ಲಿ ಕಾನೂನಿನ ಮಿತಿಯೂ ಇದೆ, ಆಂಟೆನಾ ಹೆಚ್ಚಾದ ಮಾತ್ರಕ್ಕೆ ಆ ಮಿತಿ ಹೆಚ್ಚಾಗುವುದಿಲ್ಲ. ಹೆಚ್ಚುವರಿ ಆಂಟೆನಾಗಳಿಂದ ಉಪಯೋಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಒಂದೇ ಹೊತ್ತಿಗೆ ಹಲವು ಉಪಕರಣಗಳನ್ನು ನಿಭಾಯಿಸಲು ಮತ್ತು ದುರ್ಬಲ ಸಿಗ್ನಲ್ಲನ್ನು ಸ್ವಲ್ಪ ಚೆನ್ನಾಗಿ ಹಿಡಿಯಲು ಅವು ನೆರವಾಗುತ್ತವೆ. ಆದರೆ ಸಾವಿರ ಪಟ್ಟು ಕುಗ್ಗಿದ ಸಿಗ್ನಲ್ಲನ್ನು ಮತ್ತೆ ಮೇಲೆತ್ತುವ ಶಕ್ತಿ ಅವಕ್ಕಿಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ ಸಂಖ್ಯೆಯನ್ನು ನಂಬಿ ಹಣ ಕೊಡಬೇಡಿ. ರೌಟರ್ ಬಳಸುವ ಆವರ್ತನ ಶ್ರೇಣಿಗೆ ಬ್ಯಾಂಡ್ ಎನ್ನುತ್ತಾರೆ; ಎಸಿ ಎಂಬುದು ವೈಫೈ 5ರ, ಎಎಕ್ಸ್ ಎಂಬುದು ವೈಫೈ 6ರ ಗುರುತು. ಎಸಿ1200 ಎಂದರೆ 2.4 ಗಿಗಾಹರ್ಟ್ಸ್‌ನಲ್ಲಿ 300 ಮತ್ತು 5 ಗಿಗಾಹರ್ಟ್ಸ್‌ನಲ್ಲಿ 867 ಎಂಬಿಪಿಎಸ್ ಕೂಡಿಸಿ, ಮೇಲಕ್ಕೆ ದುಂಡಾಗಿಸಿದ್ದು. ಎಎಕ್ಸ್1500 ಎಂದರೆ 300 ಮತ್ತು 1201. ಎಎಕ್ಸ್3000 ಎಂದರೆ 574 ಮತ್ತು 2402. ಒಂದು ಫೋನ್ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿ ಕೆಲಸ ಮಾಡುವುದರಿಂದ ಈ ಮೊತ್ತ ಯಾರ ಕೈಗೂ ಸಿಗುವಂಥದ್ದಲ್ಲ. ಅದರಲ್ಲೂ ಬರೆದ ವೇಗದ ಅರ್ಧದಿಂದ ಮೂರನೆಯ ಎರಡು ಭಾಗದಷ್ಟು ಮಾತ್ರ ನಿಜವಾದ ಬಳಕೆಗೆ ದಕ್ಕುತ್ತದೆ. ಅಷ್ಟಿದ್ದರೂ ನಿಮಗೆ ಚಿಂತೆಯಿಲ್ಲ, ಏಕೆಂದರೆ ನಿಮ್ಮ ಲೈನಿನ ಮಿತಿಯೇ 150. ಒಂದು ವಿಡಿಯೊ ಮೀಟಿಂಗಿಗೆ 3ರಿಂದ 4 ಎಂಬಿಪಿಎಸ್ ಸಾಕು. ಟಿವಿಯಲ್ಲಿ 4ಕೆ ಚಿತ್ರ ನೋಡಲು 15ರಿಂದ 25 ಸಾಕು. ನಿಮ್ಮ ಮನೆಯಲ್ಲಿರುವುದು ವೇಗದ ಕೊರತೆಯಲ್ಲ, ಇರುವ ವೇಗವನ್ನು ಕೋಣೆಗೆ ತಲುಪಿಸುವ ದಾರಿಯ ಕೊರತೆ.

ವೈಫೈ 7 ಕೆಟ್ಟದ್ದೇನಲ್ಲ. ವೈಫೈ ಉಪಕರಣಗಳನ್ನು ಪ್ರಮಾಣೀಕರಿಸುವ ಉದ್ಯಮ ಸಂಸ್ಥೆಯಾದ ವೈಫೈ ಅಲಯನ್ಸ್ ಅದರ ಪ್ರಮಾಣೀಕರಣವನ್ನು 2024ರ ಜನವರಿಯಲ್ಲಿ ಆರಂಭಿಸಿತು. ಅದರ ದೊಡ್ಡ ಆಕರ್ಷಣೆಯಾದ 320 ಮೆಗಾಹರ್ಟ್ಸ್ ಅಗಲದ ಚಾನೆಲ್ (ಬ್ಯಾಂಡಿನೊಳಗಿನ ಒಂದು ಓಣಿ) ಸಿಗುವುದು 6 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತ್ರ. ಭಾರತದಲ್ಲಿ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಕೆಳಭಾಗವನ್ನು ಒಳಾಂಗಣ ಬಳಕೆಗೆ ಪರವಾನಗಿಯಿಲ್ಲದೆ ಬಿಟ್ಟುಕೊಡುವ ಕರಡು ನಿಯಮವನ್ನು ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಈ 500 ಮೆಗಾಹರ್ಟ್ಸ್‌ನಲ್ಲಿ ಅಂಥ ಅಗಲದ ಚಾನೆಲ್ ಒಂದೇ ಒಂದು ಹಿಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವ ಸಾಮರ್ಥ್ಯ ಕಡಿಮೆಯಾಗುತ್ತದೆ. 5 ಗಿಗಾಹರ್ಟ್ಸೇ ದಾಟಲಾರದ ಜಂಬಿಟ್ಟಿಗೆಯನ್ನು 6 ಗಿಗಾಹರ್ಟ್ಸ್ ದಾಟೀತೆಂದು ನಿರೀಕ್ಷಿಸಲಾಗದು. ಮನೆಯ ಫೋನು, ಲ್ಯಾಪ್‌ಟಾಪುಗಳು ವೈಫೈ 7 ಹೊಂದಿರದಿದ್ದರೆ ಕೊಟ್ಟ ಹಣದ ಬಹುಪಾಲು ಹಾಗೆಯೇ ಬಿದ್ದಿರುತ್ತದೆ.

ಅಮೆರಿಕದಿಂದ ತರಿಸುವ ಯೋಚನೆಯನ್ನು ಕೈಬಿಡಿ ಎಂದೇ ಹೇಳುತ್ತೇನೆ. ಅಲ್ಲಿನ ಮಾದರಿಗಳು ಅಲ್ಲಿನ ರೇಡಿಯೊ ನಿಯಮಕ್ಕೆ ಬೀಗ ಹಾಕಿಕೊಂಡು ಬರುತ್ತವೆ, ಹಲವು ಮಾದರಿಗಳಲ್ಲಿ ದೇಶ ಬದಲಿಸುವ ಆಯ್ಕೆಯೇ ಇರುವುದಿಲ್ಲ. ಇಲ್ಲಿ ಮಾರುವ ವೈಫೈ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಈಟಿಎ ಎಂಬ ಅನುಮೋದನೆ ಬೇಕು, ಅದು ಇಲ್ಲಿಯ ಮಾದರಿಗೆ ಇರುತ್ತದೆ. ಅಡಾಪ್ಟರ್ 100ರಿಂದ 240 ವೋಲ್ಟ್‌ನದಾಗಿದ್ದರೆ ಸುಡುವ ಭಯವೇನೋ ಇಲ್ಲ. ಆದರೆ ಕೆಟ್ಟರೆ ಶಿವಮೊಗ್ಗದಲ್ಲಿಯೋ ಬೆಂಗಳೂರಿನಲ್ಲಿಯೋ ವಾರಂಟಿಯಲ್ಲಿ ಬದಲಿಸಿಕೊಡುವವರು ಯಾರೂ ಸಿಗುವುದಿಲ್ಲ.

ರಿಪೀಟರ್ ಬಗ್ಗೆ ನನಗೆ ಹೆಚ್ಚಿನ ತಕರಾರು ಇದೆ. ಅಗ್ಗದ ರಿಪೀಟರ್ ಕೆಳಗಿನಿಂದ ಬಂದದ್ದನ್ನು ಕೇಳಿಸಿಕೊಂಡು ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳುತ್ತದೆ. ಹೀಗಾಗಿ ಗಾಳಿಯ ಸಮಯ ಎರಡು ಪಟ್ಟು ಖರ್ಚಾಗಿ ವೇಗ ಅರ್ಧಕ್ಕಿಳಿಯುತ್ತದೆ. ಜನ ಸಾಮಾನ್ಯವಾಗಿ ಅದನ್ನು ಸಿಗ್ನಲ್ ಸಿಗದ ಕೋಣೆಯಲ್ಲಿಯೇ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಆಗ ಫೋನಿನಲ್ಲಿ ಪೂರ್ತಿ ಗೆರೆಗಳು ಕಾಣುತ್ತವೆ, ಮೀಟಿಂಗ್ ಮಾತ್ರ ಮೊದಲಿನಂತೆಯೇ ನಿಲ್ಲುತ್ತದೆ, ಏಕೆಂದರೆ ಆ ಗೆರೆಗಳು ಹೇಳುವುದು ಫೋನಿಗೂ ರಿಪೀಟರ್‌ಗೂ ನಡುವಿನ ಸಂಗತಿ. ರಿಪೀಟರ್‌ಗೂ ಜಗಲಿಗೂ ನಡುವೆ ಹಳೆಯ ಸ್ಥಿತಿಯೇ ಇರುತ್ತದೆ.

ತಂತಿಯನ್ನು ಎಳೆಯುವುದು ತುಸು ಶ್ರಮದ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಕ್ಯಾಟ್6 ಕೇಬಲ್ ತರಿಸಿ. 100 ಮೀಟರ್‌ವರೆಗೆ ಒಂದು ಗಿಗಾಬಿಟ್ ವೇಗವನ್ನು ಅದು ನಿರಾಯಾಸವಾಗಿ ಸಾಗಿಸುತ್ತದೆ. ನಿಮ್ಮ ಮನೆಯ ಅಳತೆಗೆ ಇದು ಧಾರಾಳವಾಯಿತು. ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರದ ಲೇಪನವಿರುವ ಸಿಸಿಎ ಕೇಬಲ್ ಮಾರುಕಟ್ಟೆಯಲ್ಲಿ ಹೇರಳವಾಗಿದೆ, ಬೆಲೆಯೂ ಕಡಿಮೆ. ಅದು ಬೇಗ ಮುರಿಯುತ್ತದೆ, ದೂರ ಹೆಚ್ಚಾದಂತೆ ಕೈಕೊಡುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೂ ಕೆಂಪು ಬಣ್ಣವೇ ಇದ್ದರೆ ಶುದ್ಧ ತಾಮ್ರ, ಬೆಳ್ಳಿ ಬಣ್ಣ ಕಂಡರೆ ಸಿಸಿಎ. ಈ ಕೇಬಲ್ಲನ್ನು ಕರೆಂಟ್ ವೈರ್ ಹೋಗುವ ಪೈಪಿನಲ್ಲಿ ತೂರಿಸಬೇಡಿ. ಅಪಾಯಕ್ಕೂ ಅಡಚಣೆಗೂ ಅದು ದಾರಿ. ಮೆಟ್ಟಿಲಿನ ಮೂಲೆಯಲ್ಲಿ ಪ್ರತ್ಯೇಕ ಪಿವಿಸಿ ಪೈಪು ಹಾಕಿಸಿದರೆ ಗೋಡೆ ಒಡೆಯುವ ಅಗತ್ಯವೂ ಬೀಳುವುದಿಲ್ಲ. ಹೇಗೂ ಎಳೆಯುತ್ತೀರಿ ಎಂದಾದರೆ ಒಂದರ ಬದಲು ಎರಡು ಕೇಬಲ್ ಎಳೆಸಿ, ಎರಡನೆಯದು ಮಗಳ ಮೇಜಿನವರೆಗೆ ಹೋಗಲಿ. ದಿನವಿಡೀ ಒಂದೇ ಕಡೆ ಕೂತು ಕೆಲಸ ಮಾಡುವ ಲ್ಯಾಪ್‌ಟಾಪಿಗೆ ವೈಫೈಗಿಂತ ವೈರೇ ಮೇಲು.

ಮಹಡಿಗೆ ಕೊಳ್ಳುವ ರೌಟರ್ ಹೀಗಿರಲಿ: ವೈಫೈ 6, ಎರಡು ಬ್ಯಾಂಡ್, ಎಲ್ಲ ಪೋರ್ಟುಗಳೂ ಗಿಗಾಬಿಟ್, ಆ್ಯಕ್ಸೆಸ್ ಪಾಯಿಂಟ್ ಮೋಡ್ (ತಂತಿಯಲ್ಲಿ ಬಂದ ಸಂಪರ್ಕವನ್ನು ವೈಫೈ ಆಗಿ ಹರಡುವುದಷ್ಟೇ ಮಾಡುವ ಬಗೆ) ಎಂಬ ಆಯ್ಕೆ, ಡಬ್ಲ್ಯುಪಿಎ3 ಎಂಬ ಹೊಸ ಬಗೆಯ ಪಾಸ್‌ವರ್ಡ್ ಭದ್ರತೆ. ಎಎಕ್ಸ್1500 ಅಥವಾ ಎಎಕ್ಸ್1800 ದರ್ಜೆ ನಿಮಗೆ ಸಾಕು. ಪೋರ್ಟಿನ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಎಸಿ1200 ಎಂದು ಬರೆದ ಅಗ್ಗದ ಹಲವು ರೌಟರ್‌ಗಳ ಪೋರ್ಟುಗಳು 100 ಎಂಬಿಪಿಎಸ್‌ನವು, ಗಾಳಿಯಲ್ಲಿ ಎಷ್ಟೇ ವೇಗ ಇದ್ದರೂ ತಂತಿಯ ಬಾಗಿಲಲ್ಲಿ 95ಕ್ಕೆ ನಿಂತುಬಿಡುತ್ತವೆ. ಪೆಟ್ಟಿಗೆಯ ಬದಿಯಲ್ಲಿ 10/100 ಎಂದಷ್ಟೇ ಇದ್ದರೆ ಬೇಡ, 10/100/1000 ಎಂದಿರಬೇಕು. ಎಡಿಎಸ್ಎಲ್ ಎಂದು ಬರೆದು ದೂರವಾಣಿ ತಂತಿಯ ಕಿರಿದಾದ ಪೋರ್ಟ್ ಇರುವ ಹಳೆಯ ದಾಸ್ತಾನನ್ನು ಕೆಲವು ಅಂಗಡಿಗಳಲ್ಲಿ ಇನ್ನೂ ಮಾರುತ್ತಾರೆ. ಅದು ಫೈಬರ್ ಸಂಪರ್ಕಕ್ಕೆ ಹೇಳಿದ್ದಲ್ಲ.

ಈಗಿರುವ ಪೆಟ್ಟಿಗೆಯನ್ನು ತೆಗೆದುಹಾಕಿ ಹೊಸದನ್ನು ಅದರ ಜಾಗದಲ್ಲಿ ಇಡಬಹುದೇ ಎಂಬ ಪ್ರಶ್ನೆ ಏಳಬಹುದು. ಅದು ಒಎನ್‌ಟಿ, ಅಂದರೆ ಫೈಬರಿನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಾಧನ; ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೌಟರ್ ಆ ಕೆಲಸ ಮಾಡುವುದಿಲ್ಲ. ಆದ್ದರಿಂದ ಅದು ಅಲ್ಲಿಯೇ ಇರಲಿ, ಮನೆಯ ಐಪಿ ವಿಳಾಸಗಳನ್ನು ಹಂಚುವ ಕೆಲಸವನ್ನೂ ಅದೇ ಮಾಡಲಿ. ಮೇಲಿನ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿನಲ್ಲಿಟ್ಟು ಕೆಳಗಿನದಕ್ಕಿರುವ ಹೆಸರು, ಪಾಸ್‌ವರ್ಡ್ ಮತ್ತು ಭದ್ರತೆಯ ಬಗೆಯನ್ನೇ ಅದಕ್ಕೂ ಕೊಡಿ. ಆಗ ಮೆಟ್ಟಿಲು ಹತ್ತುವಾಗ ಫೋನ್ ತಾನೇ ಒಂದರಿಂದ ಇನ್ನೊಂದಕ್ಕೆ ಹೊರಳಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ಕೆಳಗೆ 1, ಮೇಲೆ 11 ಇಟ್ಟರೆ ಎರಡೂ ಪರಸ್ಪರ ಕಾಡುವುದಿಲ್ಲ. ಸ್ಮಾರ್ಟ್ ಬಲ್ಬು, ಹಳೆಯ ಪ್ರಿಂಟರ್, ಅಂಗಳದ ಕ್ಯಾಮೆರಾ ಇವುಗಳಲ್ಲಿ ಬಹುಪಾಲು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ, ಡಬ್ಲ್ಯುಪಿಎ3 ಅವಕ್ಕೆ ಅರ್ಥವಾಗದಿರಬಹುದು. ಹಾಗಾದಾಗ ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಆಯ್ಕೆಯನ್ನು ಹಾಕಿ.

ಕೇಬಲ್ ಎಳೆಯಲು ಯಾವ ರೀತಿಯಲ್ಲೂ ಸಾಧ್ಯವಿಲ್ಲ ಎಂದಾದರೆ ಮಾತ್ರ ಎರಡು ಪೆಟ್ಟಿಗೆಗಳ ಮೆಶ್ ಜೋಡಿಯನ್ನು (ತಂತಿಯಿಲ್ಲದೆ ಒಂದಕ್ಕೊಂದು ಬೆಸೆದು ಒಂದೇ ಜಾಲದಂತೆ ನಡೆಯುವ ರೌಟರ್‌ಗಳು) ಯೋಚಿಸಿ. ಎರಡನೆಯದನ್ನು ಮಗಳ ಕೋಣೆಯಲ್ಲಿಡದೆ ಮೆಟ್ಟಿಲು ತಿರುಗುವ ಜಾಗದಲ್ಲಿ, ಸಿಗ್ನಲ್ ಇನ್ನೂ ಮೈನಸ್ 60ರ ಆಸುಪಾಸು ಇರುವಲ್ಲಿ ಇಡಬೇಕು.

ನಿಮ್ಮ ಪತ್ರದಲ್ಲಿಲ್ಲದ ಒಂದು ಸಾಧ್ಯತೆಯನ್ನೂ ಹೇಳಬೇಕು. ಸಿಗ್ನಲ್ ಚೆನ್ನಾಗಿದ್ದೂ ಮೀಟಿಂಗ್ ನಿಲ್ಲುತ್ತಿದ್ದರೆ, ಅದೇ ಹೊತ್ತಿಗೆ ಮನೆಯ ಬೇರೆ ಯಾರದೋ ಫೋನ್ ಫೋಟೊಗಳನ್ನು ಬ್ಯಾಕಪ್ ಮಾಡುತ್ತಿದೆಯೇ ನೋಡಿ. ಅಪ್‌ಲೋಡ್ ದಾರಿ ತುಂಬಿಹೋದಾಗ ಧ್ವನಿಯ ಚಿಕ್ಕ ಪ್ಯಾಕೆಟ್‌ಗಳು ರೌಟರ್‌ನೊಳಗೆ ಸರದಿಯಲ್ಲಿ ಕಾಯುತ್ತ ನಿಲ್ಲುತ್ತವೆ. 15 ಮಿಲಿಸೆಕೆಂಡ್ ಇರಬೇಕಾದ ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) ನೂರಾರು ಮಿಲಿಸೆಕೆಂಡಿಗೆ ಏರುತ್ತದೆ. ಯಾವ ಪ್ಯಾಕೆಟ್ ಮೊದಲು ಹೋಗಬೇಕೆಂದು ನಿಯಂತ್ರಿಸುವ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಸೌಲಭ್ಯವಿರುವ ರೌಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ನೂರಕ್ಕೆ 85ರಿಂದ 90ಕ್ಕೆ ಕಟ್ಟಿದರೆ ಇದು ಬಹುಮಟ್ಟಿಗೆ ಗುಣವಾಗುತ್ತದೆ. ಆದರೆ ಅದಕ್ಕೆ ಹೊಸ ರೌಟರ್ ಆ್ಯಕ್ಸೆಸ್ ಪಾಯಿಂಟ್ ಆಗಿರದೆ ಮುಖ್ಯ ರೌಟರ್ ಆಗಿರಬೇಕು, ಒಎನ್‌ಟಿಯನ್ನು ಬ್ರಿಜ್ ಮೋಡಿಗೆ (ರೌಟರ್ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೆಯೇ ದಾಟಿಸುವ ಬಗೆಗೆ) ಹಾಕಲು ಸಂಪರ್ಕ ಕೊಟ್ಟವರನ್ನು ಕೇಳಬೇಕು. ಮನೆಯ ಲ್ಯಾಂಡ್‌ಲೈನ್ ಫೋನ್ ಆ ಪೆಟ್ಟಿಗೆಯ ಮೂಲಕವೇ ನಡೆಯುತ್ತಿದ್ದರೆ, ಬದಲಾವಣೆಯ ನಂತರವೂ ಅದು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಅಷ್ಟು ದೂರ ಹೋಗುವ ಮೊದಲು ಫೋಟೊ ಬ್ಯಾಕಪ್ಪನ್ನು ರಾತ್ರಿಗೆ ಮುಂದೂಡಿ ನೋಡುವುದು ಸುಲಭ.

ಕಂಪನಿಯ ಆಯ್ಕೆಯಲ್ಲಿ ನಾನು ಹೆಸರಿಗಿಂತ ಸಾಫ್ಟ್‌ವೇರ್ ಪರಿಷ್ಕರಣೆಗೆ ಬೆಲೆ ಕೊಡುತ್ತೇನೆ. ರೌಟರ್ ಎಂಬುದು ಇಪ್ಪತ್ನಾಲ್ಕು ಗಂಟೆಯೂ ಹೊರಜಗತ್ತಿಗೆ ತೆರೆದುಕೊಂಡಿರುವ ಸಣ್ಣ ಕಂಪ್ಯೂಟರ್. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ರೌಟರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು ಕುತಂತ್ರಾಂಶ ಐದು ಲಕ್ಷಕ್ಕೂ ಹೆಚ್ಚು ಸಾಧನಗಳಿಗೆ ಹೊಕ್ಕಿತ್ತು. ಕೊಳ್ಳುವ ಮುಂಚೆ ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಒಳಗಿನ ತಂತ್ರಾಂಶದ, ಅಂದರೆ ಫರ್ಮ್‌ವೇರ್ ಪುಟ ತೆರೆದು, ಕಳೆದ ಒಂದು ವರ್ಷದೊಳಗೆ ಪರಿಷ್ಕರಣೆ ಬಂದಿದೆಯೇ ನೋಡಿ. ಒಂದೇ ಹೆಸರಿನಲ್ಲಿ ವಿ1, ವಿ2 ಎಂದು ಬೇರೆ ಬೇರೆ ಯಂತ್ರಗಳು ಇರುತ್ತವೆ, ಯಾವುದೆಂದು ತಳದ ಚೀಟಿಯಲ್ಲಿ ಬರೆದಿರುತ್ತದೆ. ಮನೆಗೆ ತಂದ ದಿನವೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬರೆಯದೆ ಗುಂಡಿ ಅಥವಾ ಪಿನ್‌ನಿಂದ ಜೋಡಿಸುವ ಸೌಲಭ್ಯ) ಆಫ್ ಮಾಡಿ, ಫರ್ಮ್‌ವೇರ್ ತಾನಾಗಿ ಪರಿಷ್ಕೃತವಾಗುವ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ.

ಉಳಿದದ್ದು ಕರೆಂಟಿನ ವಿಷಯ. ಮನೆಯಲ್ಲಿ ಇನ್ವರ್ಟರ್ ಇಲ್ಲದಿದ್ದರೆ ಒಎನ್‌ಟಿಗೂ ರೌಟರ್‌ಗೂ ಒಂದೊಂದು ಮಿನಿ ಯುಪಿಎಸ್ (ಬ್ಯಾಟರಿಯ ಚಿಕ್ಕ ಪೆಟ್ಟಿಗೆ) ಬೇಕು. ಒಂದಕ್ಕೆ ಮಾತ್ರ ಹಾಕಿದರೆ ಕರೆಂಟ್ ಹೋದಾಗ ಮಹಡಿಯ ಸಂಪರ್ಕ ಉಳಿಯುವುದಿಲ್ಲ. ಎರಡರ ಅಡಾಪ್ಟರ್‌ಗಳ ಮೇಲೂ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿರುವುದನ್ನು ಓದಿಕೊಂಡೇ ಕೊಳ್ಳಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, 9 ವೋಲ್ಟಿನವೂ ಇವೆ. ಮಲೆನಾಡಿನ ಸಿಡಿಲಿನ ದಿನಗಳಲ್ಲಿ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಫೈಬರಿನ ಗಾಜು ವಿದ್ಯುತ್ತನ್ನು ಹರಿಸದಿದ್ದರೂ ಕಂಬದಿಂದ ಮನೆಗೆ ಬರುವ ಕೇಬಲ್ಲಿಗೆ ಆಸರೆಯಾಗಿ ಉಕ್ಕಿನ ತಂತಿ ಇರುವುದುಂಟು. ಅದನ್ನು ಹೊರಗೋಡೆಯಲ್ಲಿಯೇ ಕತ್ತರಿಸಿ ನಿಲ್ಲಿಸಲು ಲೈನಿನವರಿಗೆ ಹೇಳಿ. ಮುಂದೆ ಎಂದಾದರೂ ಅಡಿಕೆ ಅಂಗಳದ ಮನೆಗೋ ಕೊಟ್ಟಿಗೆಗೋ ಸಂಪರ್ಕ ಎಳೆಯುವ ಯೋಚನೆ ಬಂದರೆ, ಬಯಲಿನಲ್ಲಿ ತಾಮ್ರದ ಕೇಬಲ್ ಹಾಕಬೇಡಿ. ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಲ್ಯಾನ್ ಸಂಕೇತವನ್ನು ಬೆಳಕಿಗೂ ಬೆಳಕನ್ನು ಲ್ಯಾನ್‌ಗೂ ಬದಲಿಸುವ ಸಾಧನ) ಇಟ್ಟು ಉಕ್ಕಿನ ಎಳೆಯಿಲ್ಲದ ಫೈಬರ್ ಹಾಕಿಸಿ, ಆಗ ಒಂದು ಕಟ್ಟಡಕ್ಕೆ ಹೊಡೆದ ಸಿಡಿಲು ಆ ದಾರಿಯಿಂದ ಇನ್ನೊಂದು ಕಟ್ಟಡಕ್ಕೆ ಹಾಯುವುದಿಲ್ಲ.